ಮರೂನ್ ಜಾವಾ, ಗತ್ತಿನ ರೋಡ್‌ಕಿಂಗ್

ಮೈಸೂರಿನಲ್ಲಿ ಹಳೇ ಬೈಕಿನ ಹುಚ್ಚಿರುವ ನಾಲ್ಕು ಜನ ಸೇರಿದಾಗ ಸುಮ್ನೆ ಒಂದು ಮಾತು ಬಿಟ್ಟು ನೋಡಿ: ಜಾವಾ ಚೆಂದವೋ, ಯೆಜ್ಡಿ ಚೆಂದವೋ? ಕಾಫಿ ಆರಿದರೂ ವಾದ ಆರುವುದಿಲ್ಲ.

ಎರಡೂ ಒಂದೇ ಮನೆಯ ಕೂಸುಗಳು. ಚೆಕ್ ಮೂಲದ ಜಾವಾವನ್ನು ಐಡಿಯಲ್ ಜಾವಾ ಕಂಪನಿ 1960ರ ದಶಕದ ಶುರುವಿನಲ್ಲಿ ಮೈಸೂರಿನಲ್ಲೇ ಮಾಡತೊಡಗಿತು. ಮುಂದಿನ ದಶಕದಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಕೂತಿತು. ಆ ದಶಕ ಮುಗಿಯುವ ಹೊತ್ತಿಗೆ ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂತು.

ಹಳೇ ಜಾವಾ ಮರ್ಯಾದಸ್ಥ ಗಾಡಿ. ಸ್ಪೀಡೋಮೀಟರ್ ಹೆಡ್‌ಲೈಟಿನ ಡೂಮಿನೊಳಗೇ ಅಡಗಿದೆ. ಚೈನು ಪೂರ್ತಿ ಕವರಿನೊಳಗೆ. ಕಾರ್ಬೊರೇಟರಿಗೂ ಒಂದು ಮುಚ್ಚಳ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಆಫೀಸಿಗೆ ಹೋಗುವವರನ್ನು ನೆನೆದೇ ಮಾಡಿದ ಹಾಗಿದೆ. ಮರೂನ್ ಬಣ್ಣ, ಟ್ಯಾಂಕಿನ ಪಕ್ಕದಲ್ಲಿ ಕ್ರೋಮ್. ಆದರೆ ಕೀ ಮಾತ್ರ ಮೊಳೆಯಂಥದ್ದು. ಇಷ್ಟೆಲ್ಲ ಮುಚ್ಚಿಟ್ಟವರು ಬೀಗದ ವಿಷಯದಲ್ಲಿ ಊರನ್ನೇ ನಂಬಿಬಿಟ್ಟಿದ್ದರು!

ರೋಡ್‌ಕಿಂಗ್‌ಗೆ ಇಂಥ ಸಂಕೋಚವಿಲ್ಲ. ಮೀಟರ್ ಡೂಮಿನಿಂದ ಹೊರಗೆ ಬಂದು ಕೂತಿದೆ, ಹ್ಯಾಂಡಲ್ ಎದೆಯುಬ್ಬಿಸಿದೆ. ಎರಡೂ 250 ಸಿಸಿಯ ಟೂ-ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡೆರಡು ಸೈಲೆನ್ಸರ್. ಆದರೆ ಜಾವಾದ ತಾಕತ್ತು 12 ಬಿಎಚ್‌ಪಿ ಆದರೆ ಇದರದ್ದು 16. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಈ ನಾಲ್ಕರ ಬೆಲೆ ಗೊತ್ತಾಗುತ್ತದೆ. ಗೃಹಸ್ಥರನ್ನು ಬಿಟ್ಟು ಕಾಲೇಜು ಹುಡುಗರ ಕಡೆ ತಿರುಗಿದ ಗಾಡಿ ಇದು. ನನ್ನ ಓಟು ಇದಕ್ಕೇ. ಜಾವಾ ನೋಡೋಕೆ, ರೋಡ್‌ಕಿಂಗ್ ಓಡಿಸೋಕೆ.

ಒಂದು ಚೇಷ್ಟೆ ಮಾತ್ರ ಎರಡರಲ್ಲೂ ಇದೆ. ಕಿಕ್ಕರೂ ಗೇರ್ ಪೆಡಲೂ ಒಂದೇ, ಅದೂ ಎಡಗಡೆ. ಪೆಡಲನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಎದ್ದ ಮೇಲೆ ಮುಂದಕ್ಕೆ ತಂದರೆ ಮತ್ತೆ ಗೇರ್. ಹೊಸಬರು ಬಲಗಡೆ ಕಿಕ್ಕರ್ ಹುಡುಕುತ್ತಾ ನಿಲ್ಲುವುದನ್ನು ನೋಡುವುದು ಈ ಗಾಡಿ ಇಟ್ಟವರಿಗೆ ಒಂದು ಸುಖ, ಅಲ್ವಾ?

ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ಎರಡಕ್ಕೂ ಇದ್ದದ್ದೇ. 1985ರಲ್ಲಿ ಹೀರೋ ಹೋಂಡಾದ ಫೋರ್-ಸ್ಟ್ರೋಕ್ ಬಂದು ಆ ಕೆಲಸವೇ ಬೇಡ ಎಂದಿತು, ಮೈಲೇಜೂ ಜಾಸ್ತಿ ಕೊಟ್ಟಿತು. ಯೆಜ್ಡಿ ತಡೆದುಕೊಳ್ಳಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಲ್ಲಿ ಜಾವಾದ ಯಜಮಾನರು "ನಟ್ಟೂ ಬೋಲ್ಟೂ ಎಲ್ಲಾ ಒರಿಜಿನಲ್" ಎಂದು ಹೇಳಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತ ಮೆಕ್ಯಾನಿಕ್ ಮಾತ್ರ ಬಾಯಿ ಬಿಡುವುದಿಲ್ಲ. ಎಂಜಿನ್ನಿನೊಳಗೆ ಎಷ್ಟು ಯೆಜ್ಡಿ ಸಾಮಾನು ಸೇರಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.