ನಾಲಿಗೆಯ ಹಿಂದಿನ ಊರು

ಮಳೆಯಲ್ಲಿ ಆಡಿ ಬಂದ ಮಗನ ಶೂಗಳನ್ನು ಒಂದು ಭಾನುವಾರ ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಗಲು ಇಡುವಾಗ, ಒಳಗೆಲ್ಲ ಗಾಳಿಯಾಡಲಿ ಎಂದು ಅವುಗಳ ನಾಲಿಗೆಯನ್ನು ಹೊರಕ್ಕೆ ಎಳೆದೆ. ಲೇಸುಗಳ ಅಡಿಯಲ್ಲಿ ಅವಿತಿರುವ ಆ ದಪ್ಪ ಪಟ್ಟಿಯನ್ನು ನಾಲಿಗೆ ಎಂದು ಕರೆಯುವುದು ಎಷ್ಟು ಸರಿ ಎಂಬುದು ಹೊಳೆದದ್ದು ಆಗಲೇ. ಹೊರಮೈಯ ಮೇಲೆ ಬೀಸಿದ ಕುಡುಗೋಲಿನಂತೆ ಬಾಗಿದ ನೈಕಿಯ ಗೆರೆ ಬೀದಿಯ ಆ ತುದಿಗೂ ಕಾಣುವಷ್ಟು ದೊಡ್ಡದಾಗಿದ್ದರೆ, ನಾಲಿಗೆಯ ಹಿಂಬದಿಯ ಬೆರಳಗಲದ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಮೇಡ್ ಇನ್ ವಿಯೆಟ್ನಾಂ’ ಎಂದಿತ್ತು. ಅಮೆರಿಕದ ಶೂ ಎಂದು ಗೆಳೆಯರ ಮುಂದೆ ಬೀಗಿದ್ದ ಮಗನನ್ನು ಕರೆದು ತೋರಿಸಿದೆ. ಅವನು ಎರಡು ಸಲ ಓದಿ, “ಹಾಗಾದ್ರೆ ಇದು ಡೂಪ್ಲಿಕೇಟಾ ಅಪ್ಪ?” ಎಂದು ಗಾಬರಿಯಿಂದ ಕೇಳಿದ.

ಡೂಪ್ಲಿಕೇಟ್ ಅಲ್ಲ, ಅಸಲಿಯೇ ಹೀಗೆ ಎಂದು ಅವನಿಗೆ ವಿವರಿಸುವುದು ನಾನೆಣಿಸಿದಷ್ಟು ಸುಲಭವಾಗಲಿಲ್ಲ. ಶೂ ಹೊಲಿಯುವ, ಅಂಟಿಸುವ ಕಾರ್ಖಾನೆಗಳನ್ನು ನೈಕಿ ತಾನು ಇಟ್ಟುಕೊಂಡಿಲ್ಲ. ಅವೆಲ್ಲ ಬೇರೆಯವರವು, ಗುತ್ತಿಗೆಯವು. 2024ರ ಮೇ ಅಂತ್ಯಕ್ಕೆ ಮುಗಿದ ಆರ್ಥಿಕ ವರ್ಷದಲ್ಲಿ ಅದರ ಶೂಗಳಲ್ಲಿ ಅರ್ಧದಷ್ಟು ವಿಯೆಟ್ನಾಮಿನಿಂದ, ಶೇ. 27ರಷ್ಟು ಇಂಡೋನೇಷ್ಯಾದಿಂದ, ಶೇ. 18ರಷ್ಟು ಚೀನಾದಿಂದ ಬಂದವು. ಅಮೆರಿಕದ ಒರೆಗಾನಿನಲ್ಲಿರುವ ಮುಖ್ಯ ಕಚೇರಿಯಲ್ಲಿ ನಡೆಯುವುದು ವಿನ್ಯಾಸ, ಜಾಹೀರಾತು, ಲೆಕ್ಕಾಚಾರ. ಹೆಸರು ಒಬ್ಬರದು, ಬಸಿರು ಇನ್ನೊಬ್ಬರದು.

ಸೋಜಿಗವೆಂದರೆ, ಇದು ಬೆಳೆದು ದೊಡ್ಡದಾದ ಮೇಲೆ ಕಂಪನಿ ಕಲಿತ ಚಾಳಿಯಲ್ಲ; ಹುಟ್ಟುಗುಣ. ಫಿಲ್ ನೈಟ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ, ಜಪಾನಿನ ಕ್ಯಾಮೆರಾಗಳು ಜರ್ಮನಿಯ ಕ್ಯಾಮೆರಾಗಳಿಗೆ ಮಾಡಿದ್ದನ್ನು, ಅಂದರೆ ಅವುಗಳ ಮಾರುಕಟ್ಟೆ ಕಸಿದುಕೊಂಡದ್ದನ್ನು, ಜಪಾನಿನ ಶೂಗಳು ಜರ್ಮನಿಯ ಶೂಗಳಿಗೆ ಮಾಡಲಾರವೇ ಎಂಬ ಪ್ರಶ್ನೆಯಿಟ್ಟುಕೊಂಡು ಒಂದು ಪ್ರಬಂಧ ಬರೆದ. ಶೂ ಹೇಗಿರಬೇಕು ಎಂಬುದಕ್ಕಿಂತ ಅದನ್ನು ಎಲ್ಲಿ ಮಾಡಿಸಬೇಕು ಎಂಬುದೇ ಅಲ್ಲಿದ್ದ ವಿಚಾರ. 1962ರಲ್ಲಿ ಆತ ಜಪಾನಿನ ಕೋಬೆಗೆ ಹೋಗಿ ಒನಿಟ್ಸುಕಾ ಎಂಬ ಶೂ ಕಂಪನಿಯ ಬಾಗಿಲು ತಟ್ಟಿದ. 1964ರಲ್ಲಿ ತನ್ನ ಓಟದ ತರಬೇತುದಾರ ಬಿಲ್ ಬೋವರ್‌ಮನ್ ಜತೆ ತಲಾ 500 ಡಾಲರ್ ಹಾಕಿ, ಅಲ್ಲಿಂದ ತರಿಸಿದ ಶೂಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರತೊಡಗಿದ. ಅವರು ತಮ್ಮದೇ ಶೂಗಳಿಗೆ ನೈಕಿ ಎಂಬ ಹೆಸರಿಟ್ಟದ್ದು 1971ರಲ್ಲಿ. ಹೊಸ ಹೆಸರಿನ ಆರಂಭದ ಪ್ರಯತ್ನಗಳಲ್ಲೊಂದು ಮೆಕ್ಸಿಕೊದ ಗ್ವಾಡಲಹಾರದಲ್ಲಿ ಮಾಡಿಸಿದ ಫುಟ್‌ಬಾಲ್ ಶೂ. ಬಿಸಿಲಿನ ಊರಿನಲ್ಲಿ ಹುಟ್ಟಿದ ಅದರ ಅಟ್ಟೆ ಚಳಿಗೆ ಬಿರುಕು ಬಿಟ್ಟಿತಂತೆ.

ಅಲ್ಲಿಂದ ಮುಂದಿನದು ಮೇವು ಹುಡುಕಿ ಹೊರಟ ಕುರಿಮಂದೆಯ ಕಥೆ. ಯೆನ್ ಬೆಲೆ ಏರಿ ಜಪಾನ್ ದುಬಾರಿಯಾದಾಗ ಕೆಲಸ ದಕ್ಷಿಣ ಕೊರಿಯಾಕ್ಕೂ ತೈವಾನಿಗೂ ಹೋಯಿತು. ನಡುವೆ ಅಮೆರಿಕದಲ್ಲಿಯೇ, ನ್ಯೂ ಹ್ಯಾಂಪ್‌ಶೈರ್ ಮತ್ತು ಮೇಯ್ನ್ ರಾಜ್ಯಗಳಲ್ಲಿ, ಸ್ವಂತ ಕಾರ್ಖಾನೆ ನಡೆಸಿ ನೋಡಿದ್ದೂ ಉಂಟು. ಎಂಬತ್ತರ ದಶಕದಲ್ಲಿ ಅವಕ್ಕೆ ಬೀಗ ಬಿತ್ತು. ಕೊರಿಯಾದ ಕಾರ್ಮಿಕರು 1987ರಲ್ಲಿ ಬೀದಿಗಿಳಿದು ಕೂಲಿ ಹೆಚ್ಚಿಸಿಕೊಂಡ ಮೇಲೆ ಮಂದೆ ಇಂಡೋನೇಷ್ಯಾ, ಚೀನಾಗಳ ಕಡೆ ಮುಖ ಮಾಡಿತು. ಅಮೆರಿಕದ ವ್ಯಾಪಾರ ನಿರ್ಬಂಧ ತೆರವಾದ ಮರುವರ್ಷ, 1995ರಲ್ಲಿ, ವಿಯೆಟ್ನಾಮಿಗೂ ಬಂದಿತು. ನನಗೆ ಕುತೂಹಲದ್ದೆನಿಸುವುದು, ಊರು ಬದಲಾದರೂ ಕಾರ್ಖಾನೆಯ ಯಜಮಾನರು ಬಹುಮಟ್ಟಿಗೆ ಬದಲಾಗಲಿಲ್ಲ ಎಂಬುದು. ಕೊರಿಯಾ, ತೈವಾನಿನ ಮಾಲೀಕರೇ ಮಂದೆಯ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೋದರು. ಹಾಗೆ ಹೊರಟ ತೈವಾನಿನ ಫೆಂಗ್ ಟೇ ಕಂಪನಿಯ ಒಂದು ಕಾರ್ಖಾನೆ ನಮ್ಮ ನೆರೆಯ ತಮಿಳುನಾಡಿನ ಚೆಯ್ಯಾರಿನಲ್ಲಿಯೂ ಇದ್ದು, ನೈಕಿಗೆ ಶೂ ಮಾಡಿಕೊಡುತ್ತದೆ.

ನಮ್ಮ ಕಾಲದ ಶಾಲೆಯ ಕರಿ ಶೂ ಹೀಗೆ ಅಲೆದದ್ದಲ್ಲ. ಚೆಕ್ ದೇಶದ ಬಾಟಾ ತಾನು ಮಾರುವ ನಾಡಿನಲ್ಲೇ ಕಾರ್ಖಾನೆ ಕಟ್ಟಿ, ಕೊಲ್ಕತ್ತದ ಬಳಿ ಬಾಟಾನಗರವೆಂಬ ಊರನ್ನೇ ಎಬ್ಬಿಸಿ ಎಷ್ಟು ಬೇರುಬಿಟ್ಟಿತ್ತೆಂದರೆ, ಬಾಟಾ ಎಂಬುದು ಯಾವುದೋ ಬಂಗಾಳಿ ಮನೆತನದ ಹೆಸರೆಂದು ನಾನು ಕಾಲೇಜು ಸೇರುವವರೆಗೂ ನಂಬಿದ್ದೆ.

ಅಲೆಯುವವರಿಗೆ ಒಂದು ಅನುಕೂಲವಿದೆ: ಹೊಣೆ ಯಾರದೆಂಬ ಪ್ರಶ್ನೆ ಅವರ ಬೆನ್ನು ಹತ್ತುವುದು ತಡವಾಗಿ. ನೈಕಿಯ ಬೆನ್ನು ಹತ್ತಿದ್ದು ತೊಂಬತ್ತರ ದಶಕದಲ್ಲಿ. ಕುಡುಗೋಲಿನ ಗುರುತಿನ ಫುಟ್‌ಬಾಲ್ ಹೊಲಿಯುತ್ತ ಕುಳಿತ ಪಾಕಿಸ್ತಾನದ ಬಾಲಕನ ಚಿತ್ರ 1996ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದಿತು. ಮರುವರ್ಷ, ವಿಯೆಟ್ನಾಮಿನ ಒಂದು ಕಾರ್ಖಾನೆಯಲ್ಲಿ ಅಂಟಿನ ರಾಸಾಯನಿಕದ ಹಬೆ ಆ ದೇಶದ ಕಾನೂನಿನ ಮಿತಿಯನ್ನೂ ಎಷ್ಟೋ ಪಟ್ಟು ಮೀರಿತ್ತೆಂದು, ಕಂಪನಿಯೇ ಮಾಡಿಸಿದ್ದ ತಪಾಸಣೆಯ ವರದಿ ಹೊರಬಿದ್ದಿತು. ಆ ಕಾರ್ಖಾನೆಗಳು ನಮ್ಮವಲ್ಲ ಎಂಬ ಉತ್ತರ ಆ ಹೊತ್ತಿಗೆ ನಡೆಯದಾಗಿತ್ತು. 1998ರಲ್ಲಿ ನೈಟ್ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ನಿಂತು, ತಮ್ಮ ಸರಕಿನ ಹೆಸರು ಜೀತದ ಕೂಲಿಗೂ ಬಲವಂತದ ಓವರ್‌ಟೈಮಿಗೂ ಮನಬಂದ ದೌರ್ಜನ್ಯಕ್ಕೂ ಇನ್ನೊಂದು ಹೆಸರಾಗಿಬಿಟ್ಟಿದೆ ಎಂದು ಒಪ್ಪಿಕೊಂಡು, ಶೂ ಕಾರ್ಖಾನೆಗಳಲ್ಲಿ ಹದಿನೆಂಟು ತುಂಬದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲವೆಂದು ಮಾತು ಕೊಟ್ಟರು. 2005ರಲ್ಲಿ ಕಂಪನಿ ತನಗೆ ಸರಕು ಮಾಡಿಕೊಡುವ ಗುತ್ತಿಗೆ ಕಾರ್ಖಾನೆಗಳ ಹೆಸರು, ವಿಳಾಸಗಳನ್ನು ಪ್ರಕಟಿಸಿತು. ಅಲ್ಲಿಯವರೆಗೆ ಅದು ವ್ಯಾಪಾರದ ಗುಟ್ಟು. ಅಡುಗೆಮನೆ ತೋರಿಸದ ಹೋಟೆಲಿನ ಹಾಗೆ.

ಇಷ್ಟೆಲ್ಲ ಅಲೆದಾಟ ಏಕೆ, ಯಂತ್ರಗಳಿಗೆ ಒಪ್ಪಿಸಿದರಾಗದೇ ಎಂದು ಕೇಳಬಹುದು. ಪ್ರತಿಸ್ಪರ್ಧಿಯಾದ ಅಡಿಡಾಸ್ ತನ್ನ ತವರಾದ ಜರ್ಮನಿಯ ಬವೇರಿಯಾದಲ್ಲಿಯೇ ರೋಬಾಟುಗಳ ಕಾರ್ಖಾನೆ ತೆರೆದು ಅದನ್ನೂ ನೋಡಿತು. 2019ರಲ್ಲಿ ಅದನ್ನು ಮುಚ್ಚುವುದಾಗಿಯೂ ಅಲ್ಲಿಯ ತಂತ್ರಜ್ಞಾನವನ್ನು ಏಷ್ಯಾಕ್ಕೆ ಸಾಗಿಸುವುದಾಗಿಯೂ ಹೇಳಿತು. ಮೆತ್ತನೆಯ ಬಟ್ಟೆಯನ್ನು ಕಾಲಿನಾಕಾರದ ಅಚ್ಚಿನ ಮೇಲೆ ಸುಕ್ಕಿಲ್ಲದೆ ಎಳೆದು ಕೂರಿಸುವುದು, ಅಂಚು ಮೀರದಂತೆ ಅಂಟು ಸವರುವುದು ಇಂದಿಗೂ ಹೆಚ್ಚಾಗಿ ಬೆರಳುಗಳ ಕೆಲಸ, ಅದರಲ್ಲಿಯೂ ಹೆಂಗಸರ ಬೆರಳುಗಳ ಕೆಲಸ. 2021ರಲ್ಲಿ ಕೊರೊನಾದಿಂದ ದಕ್ಷಿಣ ವಿಯೆಟ್ನಾಮಿನ ಕಾರ್ಖಾನೆಗಳು ಮುಚ್ಚಿದಾಗ ಅಲ್ಲಿಯ ಹತ್ತು ವಾರಗಳ ಉತ್ಪಾದನೆ ಕೈತಪ್ಪಿತೆಂದು ನೈಕಿಯೇ ಹೇಳಿಕೊಂಡಿತು.

ಬೆರಳಿನ ಮಾತು ಬಂದಾಗ ನಮ್ಮ ಹಿಂದಿನ ಬೀದಿಯ ಒಬ್ಬ ಅಕ್ಕ ನೆನಪಾಗುತ್ತಾರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಅವರು ಬಹಳ ವರ್ಷಗಳಿಂದ ಟೈಲರ್. ಅಂದು ಸಂಜೆ ಚೀಟಿಯ ಹಣ ತಂದುಕೊಡಲು ಬಂದವರು ಗೋಡೆಯ ಮೇಲಿನ ಶೂಗಳನ್ನು ಕಂಡು ಒಂದನ್ನು ಕೈಗೆತ್ತಿಕೊಂಡರು. ಕುಡುಗೋಲಿನ ಗೆರೆಯತ್ತ ನೋಡಲಿಲ್ಲ, ನಾಲಿಗೆಯ ಚೀಟಿಯನ್ನೂ ಓದಲಿಲ್ಲ. ಒಳಗೆ ಬೆರಳು ಹಾಕಿ, ಹಿಮ್ಮಡಿಯ ಹೊಲಿಗೆಯ ಉದ್ದಕ್ಕೂ ಸವರಿ, “ಕೈ ಚೆನ್ನಾಗಿದೆ ಸರ್, ಒಂದು ಸ್ಟಿಚ್ಚೂ ಬಿಟ್ಟಿಲ್ಲ” ಎಂದು ಹೇಳಿ, ಶೂವನ್ನು ಇದ್ದ ಜಾಗದಲ್ಲಿಯೇ ಇಟ್ಟರು.