ಪೂರಕ ಅಂದಾಜು: ಸಮಿತಿ ನೋಡಿದ ಮೇಲಷ್ಟೇ ಮತಕ್ಕೆ ಹೋಗಬೇಕೆ?

ಪರ: ಹತ್ತು ದಿನ ತಡೆದರೆ ಖಜಾನೆ ಮುಳುಗದು

ಬಜೆಟ್ ಅಧಿವೇಶನದಲ್ಲಿ ಕರ್ನಾಟಕ ವಿಧಾನಸಭೆ 29 ಬೇಡಿಕೆಗಳಿಗೆ, ಅಂದರೆ ಇಲಾಖೆಗಳ ಖರ್ಚಿನ ಕೋರಿಕೆಗಳಿಗೆ, ಒಪ್ಪಿಗೆ ಕೊಡುತ್ತದೆ. ಆಮೇಲೆ ಸರ್ಕಾರ ವರ್ಷದೊಳಗೇ, ಸಾಮಾನ್ಯವಾಗಿ ಎರಡು-ಮೂರು ಕಂತುಗಳಲ್ಲಿ, ಹೆಚ್ಚುವರಿ ಖರ್ಚಿಗೆ ಪೂರಕ ಅಂದಾಜು ತಂದು ಅದೇ ಬಜೆಟ್ಟನ್ನು ಹಿಗ್ಗಿಸುತ್ತದೆ. ಸಂವಿಧಾನದ 205ನೇ ವಿಧಿ ಇದಕ್ಕೆ ಅವಕಾಶ ಕೊಟ್ಟಿದೆ, ತಕರಾರಿಲ್ಲ. ತಕರಾರಿರುವುದು ಅವಸರದ ಬಗ್ಗೆ. ಪುಸ್ತಕ ಮಂಡನೆಯಾದ ಅಧಿವೇಶನದಲ್ಲೇ, ಎಷ್ಟೋ ಸಲ ಗದ್ದಲದ ನಡುವೆ, ಧ್ವನಿಮತ. ಬೆನ್ನಿಗೇ ಖಜಾನೆಯಿಂದ ಹಣ ತೆಗೆಯಲು ಅನುಮತಿ ಕೊಡುವ ಧನವಿನಿಯೋಗ ಮಸೂದೆ. ಶಾಸಕರಿಗೆ ಸಿಗುವುದು ಲೆಕ್ಕಶೀರ್ಷಿಕೆ (ಖರ್ಚಿನ ಬಾಬಿನ ಸಂಕೇತ ಸಂಖ್ಯೆ), ಮೊತ್ತ, ಚುಟುಕಾದ ಕಾರಣ. 2202 ಎಂದರೆ ಸಾಮಾನ್ಯ ಶಿಕ್ಷಣ, 4ರಿಂದ ಶುರುವಾದರೆ ಆಸ್ತಿ ಕಟ್ಟುವ ಬಂಡವಾಳ ವೆಚ್ಚ ಎಂದು ಬಲ್ಲವರಿಗೂ ಮುಖ್ಯ ಅಂಕಿ ಅಲ್ಲಿ ದಕ್ಕುವುದಿಲ್ಲ: ಮೂಲ ಅನುದಾನದಲ್ಲಿ ಇವತ್ತಿನವರೆಗೆ ಖರ್ಚಾಗಿದ್ದೆಷ್ಟು?

ಇದನ್ನು ಕೇಳದೆ ಕೈ ಎತ್ತಿದ್ದರ ಫಲ ಸರ್ಕಾರಿ ಲೆಕ್ಕ ತಪಾಸಿಸುವ ಸಿಎಜಿ ವರದಿಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಮೂಲ ಅನುದಾನವೇ ಮುಗಿದಿಲ್ಲ, ಅದರ ಮೇಲೆ ಪೂರಕ. ಕೊನೆಯ ಕಂತಿನದು ಇನ್ನೂ ಕೆಟ್ಟ ಕಥೆ. ಮಾರ್ಚ್ 31ಕ್ಕೆ ಅನುದಾನ ರದ್ದಾಗುತ್ತದೆ. ಟೆಂಡರ್ ಕರೆದು ಕೆಲಸ ಮುಗಿಸಲು ದಿನಗಳೇ ಉಳಿದಿರುವುದಿಲ್ಲ. ಆಗ ಹಣ ಡ್ರಾ ಮಾಡಿ ಯಾವುದೋ ನಿಗಮದ ಬ್ಯಾಂಕ್ ಖಾತೆಗೋ ಅಧಿಕಾರಿಯ ವೈಯಕ್ತಿಕ ಠೇವಣಿ (ಪಿ.ಡಿ.) ಖಾತೆಗೋ ತುಂಬುವ ದಾರಿ ಇದ್ದೇ ಇದೆ. ಖಜಾನೆಯ ಲೆಕ್ಕದಲ್ಲಿ ಅದು ಖರ್ಚು. ರಸ್ತೆಗೆ ಮಾತ್ರ ಒಂದು ಬುಟ್ಟಿ ಜಲ್ಲಿಯೂ ಬಿದ್ದಿರುವುದಿಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆಗೆ ಕೂರುವ ಹೊತ್ತಿಗೆ ಸಹಿ ಹಾಕಿದವರು ವರ್ಗವಾಗಿಯೋ ನಿವೃತ್ತರಾಗಿಯೋ ಇರುತ್ತಾರೆ.

ಆದ್ದರಿಂದ ಮತಕ್ಕೆ ಮುಂಚೆ ಹತ್ತು ದಿನ ಶಾಸಕರ ಸಮಿತಿಯೊಂದಕ್ಕೆ ಕೊಡಿ. ಇಲಾಖೆ ಪ್ರತಿ ಬೇಡಿಕೆಗೂ ಈವರೆಗಿನ ಖರ್ಚು, ಉಳಿದ ಮೊತ್ತ, ಮಾರ್ಚ್‌ವರೆಗೆ ತಿಂಗಳವಾರು ಬೇಕಾದದ್ದು ಬರೆದುಕೊಡಲಿ. ರಾಜ್ಯದ ಗಣಕೀಕೃತ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಖರ್ಚಿನ ಅಂಕಿ ಈಗಾಗಲೇ ಇದೆ, ಹೊಸದಾಗಿ ಸಂಗ್ರಹಿಸುವ ತಾಪತ್ರಯವಿಲ್ಲ. ಅದೇ ಬೇಡಿಕೆಯಲ್ಲಿ ಉಳಿತಾಯವಿದ್ದರೆ ಅದನ್ನೇ ಬೇರೆ ಬಾಬಿಗೆ ತಿರುಗಿಸಿ ಪುನರ್ವಿನಿಯೋಗ ಮಾಡಿಕೊಳ್ಳಬಹುದು. ಕಂದಾಯ ವೆಚ್ಚದಿಂದ (ಸಂಬಳದಂಥ ದಿನನಿತ್ಯದ ಖರ್ಚಿನಿಂದ) ಬಂಡವಾಳಕ್ಕೆ, ಒಂದು ಬೇಡಿಕೆಯಿಂದ ಇನ್ನೊಂದಕ್ಕೆ ಮಾತ್ರ ಸಾಗದು. ಹಾಗಿದ್ದೂ ಹೊಸ ಹಣ ಏಕೆ ಎಂಬುದನ್ನು ಅಲ್ಲೇ ಕೇಳಬೇಕು. ಕೇರಳದಲ್ಲಿ 1980ರಿಂದ ಶಾಸಕರ ವಿಷಯ ಸಮಿತಿಗಳಿವೆ, ವಾರ್ಷಿಕ ಬೇಡಿಕೆಗಳನ್ನು ಮತಕ್ಕೆ ಮೊದಲು ನೋಡುತ್ತವೆ. ಅಲ್ಲಿ ಸರ್ಕಾರವೇನೂ ನಿಂತುಹೋಗಿಲ್ಲ.

ವಿರೋಧ: ತಡ ಮಾಡಿದರೆ ದಂಡ ಕಟ್ಟುವವರು ಯಾರು?

ಪೂರಕ ಅಂದಾಜೆಂದರೆ ಬರೀ ಮಾರ್ಚ್ ತಿಂಗಳ ಕಿತಾಪತಿ ಎಂಬಂತೆ ಮೇಲಿನ ವಾದವಿದೆ. ಪುಸ್ತಕದಲ್ಲಿ ಏರಿದ ತುಟ್ಟಿಭತ್ಯೆಯೂ ಇರುತ್ತದೆ, ತುರ್ತು ಖರ್ಚಿಗೆಂದಿರುವ ಸಾದಿಲ್ವಾರು ನಿಧಿಯಿಂದ ಪಡೆದ ಮುಂಗಡದ ಮರುಭರ್ತಿಯೂ ಇರುತ್ತದೆ, ಕೇಂದ್ರ ಪುರಸ್ಕೃತ ಯೋಜನೆಗಳ ಹಣವೂ ಇರುತ್ತದೆ. ಈ ಕೊನೆಯದನ್ನೇ ನೋಡಿ. ಕೇಂದ್ರದ ಕಂತು ರಾಜ್ಯ ಖಜಾನೆಗೆ ಬಂದು 30 ದಿನಗಳೊಳಗೆ ಆ ಯೋಜನೆಗೆಂದೇ ಇರುವ ನೋಡಲ್ ಖಾತೆಗೆ ಹೋಗದಿದ್ದರೆ ವಿಳಂಬಕ್ಕೆ ವಾರ್ಷಿಕ ಶೇ 7ರ ಬಡ್ಡಿ ತೆರಬೇಕೆಂದು 2023ರ ಏಪ್ರಿಲ್‌ನಲ್ಲಿ ನಿಯಮ ಬಂತು. ಬಜೆಟ್‌ನಲ್ಲಿ ಅವಕಾಶ ಸಾಲದಿದ್ದರೆ ಪೂರಕವೇ ಗತಿ. ಅಧಿವೇಶನಕ್ಕಾಗಿ ಕಾದದ್ದು ಸಾಲದೆಂದು ಇನ್ನು ಸಮಿತಿಯ ಕೋರಂಗೂ ಕಾಯಬೇಕೆ?

203ನೇ ವಿಧಿಯಂತೆ ಸದನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಇಳಿಸಬಹುದು, ಏರಿಸುವಂತಿಲ್ಲ. ಆಡಳಿತ ಪಕ್ಷದವರೇ ಹೆಚ್ಚಿರುವ ಸಮಿತಿ ತಮ್ಮ ಮುಖ್ಯಮಂತ್ರಿಯ ಬೇಡಿಕೆಯನ್ನು ಇಳಿಸಿ ಕಳಿಸುತ್ತದೆಯೇ? ಪ್ರತಿ ಬಿಲ್ಲಿಗೂ ಶಾಸಕರ ಮೊಹರು ಬೇಕೆನ್ನುವವರಿಗೆ ಕೇರಳ ಆದರ್ಶವಾಗಿ ಕಾಣಬಹುದು. ದಶಕಗಟ್ಟಲೆ ಸಮಿತಿಗಳಿದ್ದೂ ಆ ರಾಜ್ಯ ಕೇಂದ್ರ ಹಾಕಿದ ಸಾಲದ ಮಿತಿಯ ವಿಷಯಕ್ಕೆ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಕೊನೆಯ ಕಂತನ್ನು ಸಮರ್ಥಿಸುವುದು ನನಗೂ ಕಷ್ಟವೇ. ಅದಕ್ಕೆ ಸಮಿತಿ ಬೇಕಿಲ್ಲ. ಜನವರಿ ಕಳೆದ ಮೇಲೆ ಬಂಡವಾಳ ವೆಚ್ಚದ ಹೊಸ ಪ್ರಸ್ತಾವ ತರಬೇಡಿ ಎಂದು ಆರ್ಥಿಕ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಇಲಾಖೆಗಳು ಅದನ್ನು ಪಾಲಿಸುತ್ತವೆಯೇ ಎಂಬುದು ಬೇರೆ ಮಾತು.