‘ಅನಾಥ ಮಕ್ಕಳಿದ್ದಾರೆ, ಕರೆ ಮಾಡಿ’: ಸತ್ಯಾಂಶವೇನು?

ಅಪಘಾತದಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ಮಕ್ಕಳನ್ನು ದತ್ತು ಪಡೆಯಲು ಈ ನಂಬರಿಗೆ ಕರೆ ಮಾಡಿ, ಕಾನೂನು ಬದಲಾಗಿದೆ, ಕೋರ್ಟು ಬೇಡ, ಸ್ಟಾಂಪ್ ಪೇಪರ್ ಸಾಕು. ಈ ಸಂದೇಶವನ್ನು ಮುಂದೆ ಕಳಿಸುವವರಲ್ಲಿ ಬಹುತೇಕರದ್ದು ಮರುಕವೇ.

ಬದಲಾಗಿದ್ದು ನಿಜ, ಆದರೆ ಇಷ್ಟೇ: ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ದತ್ತು ಆದೇಶದ ಅಧಿಕಾರವನ್ನು ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಕೊಟ್ಟಿತು. ಉಳಿದ ಹಂತಗಳು ಹಾಗೇ ಇವೆ. ಅನಾಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು (ಪ್ರಯಾಣದ ಸಮಯ ಇದಕ್ಕೆ ಸೇರದು). ಬಂಧುಗಳಿದ್ದಾರೆಯೇ ಎಂದು ಸಮಿತಿ ಹುಡುಕುತ್ತದೆ. ಹೆತ್ತವರೇ ಮಗುವನ್ನು ಒಪ್ಪಿಸಿದ್ದರೂ ಮನಸ್ಸು ಬದಲಿಸಲು ಅವರಿಗೆ 2 ತಿಂಗಳಿದೆ. ಸಮಿತಿ ‘ದತ್ತು ಕೊಡಲು ಮುಕ್ತ’ ಎಂದು ಘೋಷಿಸಿದ ಮೇಲಷ್ಟೇ ಮುಂದಿನ ಮಾತು.

ಸ್ಟಾಂಪ್ ಪೇಪರಿನ ಗೊಂದಲ ಎಲ್ಲಿಂದ ಬಂತು? 1956ರ ಹಿಂದೂ ದತ್ತಕ ಕಾಯ್ದೆಯಡಿ ಹೆತ್ತವರೇ ಮಗುವನ್ನು ದತ್ತು ಕೊಡಬಹುದು, ಪತ್ರ ನೋಂದಾಯಿಸಬಹುದು. ಅಪರಿಚಿತ ನಂಬರಿನವರಿಗೆ ಆ ಹಕ್ಕಿಲ್ಲ. ಅನಾಥ ಮಗುವನ್ನು ಕ್ರಮ ತಪ್ಪಿಸಿ ಕೊಟ್ಟರೆ ಮಾತ್ರವಲ್ಲ, ಪಡೆದರೂ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ದಂಡ ಅಥವಾ ಎರಡೂ.

ಪರಿಶೀಲನೆ ಸುಲಭ. ಸಂದೇಶದಲ್ಲಿ ತಾರೀಖು, ಊರು ಇದೆಯೇ ನೋಡಿ. ಸಾಮಾನ್ಯವಾಗಿ ‘ನಿನ್ನೆ’ ಎಂದಷ್ಟೇ ಇರುತ್ತದೆ. ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಹಳೆಯ ಪ್ರತಿಗಳು ಸಿಗಬಹುದು. ಕಾಯ್ದೆಯ ಪಠ್ಯ ಸರ್ಕಾರದ ‘ಇಂಡಿಯಾ ಕೋಡ್’ ತಾಣದಲ್ಲಿ ಉಚಿತ. ಮಗು ನಿಜಕ್ಕೂ ಕಷ್ಟದಲ್ಲಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಫೋಟೊ ಮಾತ್ರ ಹಂಚಬೇಡಿ, ಅಂಥ ಮಗುವಿನ ಗುರುತು ಬಯಲು ಮಾಡುವುದೂ ಅಪರಾಧವೇ.